ದುಭಾಷಿ ಪರಮೇಶಪ್ಪ

ಸುಂಟಿಕೊಪ್ಪ ದಾಟುವವರೆಗೂ ಪರಮೇಶಪ್ಪನ ಕಣ್ಣಿಗೆ ಬಿದ್ದದ್ದು ಒಂದೇ, ಜೀಪಿನ ಮುಂದಿನ ಸೀಟಿನಲ್ಲಿ ಕೂತ ಜಪಾನಿಯವನ ಕುತ್ತಿಗೆ. ಅರವತ್ತು ದಾಟಿದ ಮನುಷ್ಯನ ಕುತ್ತಿಗೆ. ಬಿಸಿಲಿಗೆ ಕಂದಿ ಎರಡು ಮಡಿಕೆ ಬಿದ್ದಿತ್ತು, ನರೆತ ಕೂದಲನ್ನು ಯಾರೋ ನಿನ್ನೆಯಷ್ಟೇ ಒಪ್ಪವಾಗಿ ಕತ್ತರಿಸಿದ್ದರು. ಜೀಪು ಹಳ್ಳಕ್ಕಿಳಿದಾಗಲೆಲ್ಲ ಆ ಕುತ್ತಿಗೆ ಕೊಕ್ಕರೆಯದಂತೆ ಹಿಂದೆ ಮುಂದೆ ಆಡುತ್ತಿತ್ತು. ಇಷ್ಟು ಸಣ್ಣದೇ, ಎಂದುಕೊಂಡ ಪರಮೇಶಪ್ಪ. ಯುದ್ಧದಲ್ಲಿ ಮೂರು ವರ್ಷ ಅವರ ಸೆರೆಯಲ್ಲಿದ್ದರೂ ಒಬ್ಬ ಜಪಾನಿಯವನ ಕುತ್ತಿಗೆಯನ್ನು ಅವನು ಹೀಗೆ ಪುರುಸೊತ್ತಾಗಿ ನೋಡಿರಲಿಲ್ಲ. ಅಲ್ಲಿ ಕೈದಿಗಳು ಮುಂದೆ ನಡೆಯಬೇಕು, ಅವರು ಹಿಂದೆ. ಬೆನ್ನಿಗೆ ಅವರ ಬೂಟಿನ ಸದ್ದು ಕೇಳುತ್ತಿತ್ತೇ ಹೊರತು ಅವರ ಬೆನ್ನು ಕಾಣುತ್ತಿರಲಿಲ್ಲ. ಈಗ ಹಿಂದೆ ಕೂತವನು ತಾನು. ಈ ಯೋಚನೆ ಬಂದೊಡನೆ ಅವನ ಎದೆಯಲ್ಲಿ ಬೆಚ್ಚಗೆ ಏನೋ ಹರಡಿತು. ಚಳಿಯಲ್ಲಿ ಮೊದಲ ಗುಟುಕು ಕಾಫಿ ಇಳಿದ ಹಾಗೆ. ಕೈಗಳನ್ನು ತೊಡೆಯ ಮೇಲಿಟ್ಟು ಅವು ಎಷ್ಟಗಲ ಇವೆಯೆಂದು ನೋಡಿಕೊಂಡ.

ವಾರದ ಹಿಂದೆ ಮಡಿಕೇರಿಯ ಬೇಸಾಯ ಇಲಾಖೆಯ ಕಚೇರಿಯಲ್ಲಿ ಅವನು ಎಂದಿನಂತೆ ಲಕೋಟೆಗಳಿಗೆ ನಂಬರು ಹಾಕುತ್ತಿದ್ದಾಗ ಸಾಹೇಬರಿಂದ ಕರೆ ಬಂದಿತ್ತು. ಬೆಳ್ಯಪ್ಪ ಸಾಹೇಬರು ಇಲಾಖೆಗೇ ಮೇಲಧಿಕಾರಿ, ಗುಮಾಸ್ತರ ಮುಖ ನೋಡಿ ಮಾತಾಡುವ ರೂಢಿ ಅವರಿಗಿರಲಿಲ್ಲ. ಅಂದು ಮಾತ್ರ ಕುರ್ಚಿ ತೋರಿಸಿದರು. "ನಿಮ್ಮ ಸರ್ವಿಸ್ ಪುಸ್ತಕದಲ್ಲಿ ಜಪಾನಿ ಭಾಷೆ ಬರುತ್ತೆ ಅಂತ ಬರೆದಿದೆಯಲ್ರೀ, ನಿಜವಾ?" ಪರಮೇಶಪ್ಪ ಹೌದೆಂದ. "ಬಚಾವಾದೆ ನಾನು! ಜಪಾನಿನಿಂದ ಹಿರಾನೊ ಅಂತ ಭತ್ತದ ತಜ್ಞರು ಬರ್ತಾ ಇದ್ದಾರೆ. ಅವರ ನಾಟಿ ಪದ್ಧತಿ ನಮ್ಮ ರೈತರಿಗೆ ತೋರಿಸ್ತಾರೆ. ಜೊತೆಗಿದ್ದ ದುಭಾಷಿ ಜ್ವರ ಬಂದು ಮೈಸೂರಿನಲ್ಲೇ ಮಲಗಿದ್ದಾನೆ. ನೋಡಿ, ಇದು ಬರೀ ಬೇಸಾಯ ಅಲ್ಲ. ವಿದೇಶಾಂಗದವರು ದೆಹಲಿಯಿಂದ ಕಾಗದ ಬರೆದಿದ್ದಾರೆ. ಎರಡು ದೇಶದ ಸ್ನೇಹ. ಒಂದು ಮಾತು ಹೆಚ್ಚುಕಮ್ಮಿ ಆಗಬಾರದು." ಆ ಭಾಷೆಯನ್ನು ಎಲ್ಲಿ ಕಲಿತಿರಿ ಎಂದು ಸಾಹೇಬರು ಕೇಳಲಿಲ್ಲ. ನಂಬರು ಹಾಕುವುದನ್ನು ಎಲ್ಲಿ ಕಲಿತೆಯೆಂದು ಯಾರಾದರೂ ಕೇಳುತ್ತಾರೆಯೇ?

ಎರಡು ದೇಶದ ಸ್ನೇಹ. ಹೋದ ವರ್ಷ ಮಳೆಗಾಲದ ಮೊದಲಿಗೆ ಕಚೇರಿಯ ಪತ್ರಿಕೆಯಲ್ಲಿ ಆ ಸುದ್ದಿ ಬಂದಿತ್ತು. ಭಾರತ ಜಪಾನಿನೊಡನೆ ಶಾಂತಿ ಒಪ್ಪಂದ ಮಾಡಿಕೊಂಡಿದೆ, ಯುದ್ಧದ ಪರಿಹಾರ ಕೇಳುವ ಹಕ್ಕನ್ನೆಲ್ಲ ತಾನಾಗಿ ಬಿಟ್ಟುಕೊಟ್ಟಿದೆ. ಹೆಡ್ ಗುಮಾಸ್ತರು ಅದನ್ನು ಗಟ್ಟಿಯಾಗಿ ಓದಿ, "ಎಂಥಾ ದೊಡ್ಡ ಮನಸ್ಸು ನಮ್ಮ ಸರ್ಕಾರದ್ದು" ಎಂದು ಕನ್ನಡಕ ಒರೆಸಿಕೊಂಡಿದ್ದರು. ಪರಮೇಶಪ್ಪ ಎದ್ದು ಹಿತ್ತಲಿಗೆ ಹೋಗಿ ಗೋಡೆ ಹಿಡಿದು ನಿಂತಿದ್ದ. ಅವನಿಗೆ ಬೇಕಾದದ್ದು ದುಡ್ಡಲ್ಲ. ಮನ್ನಾ ಮಾಡುವ ಮುಂಚೆ ಒಂದು ಮಾತು, ಒಂದೇ ಮಾತು ಯಾರಾದರೂ ತನ್ನನ್ನು ಕೇಳಬೇಕಿತ್ತು. ಹೊಡೆಸಿಕೊಂಡವರು ಯಾರೋ, ಕ್ಷಮಿಸುವವರು ಯಾರೋ. ಆ ವಾರವೇ ದೆಹಲಿಗೆ ನಾಲ್ಕು ಪುಟದ ಕಾಗದ ಬರೆದ. ಹೆಂಡತಿ ಸರ್ವಮಂಗಳ ಪಕ್ಕದಲ್ಲಿ ಕೂತು ಅವರೆಕಾಳು ಹಿಸುಕುತ್ತಾ, "ಯಾರಿಗ್ರೀ ಅಷ್ಟುದ್ದ?" ಎಂದು ಕೇಳಿದ್ದಳು. ಎರಡು ತಿಂಗಳ ಮೇಲೆ ಅಚ್ಚು ಹಾಕಿದ ಒಂದು ಕಾರ್ಡು ಬಂತು. ತಮ್ಮ ಪತ್ರ ತಲುಪಿದೆ, ವಿಷಯವನ್ನು ಗಮನಿಸಲಾಗಿದೆ. ಆ ಕಾರ್ಡನ್ನು ಅವನು ಹರಿಯಲಿಲ್ಲ. ಹರಿಯುವಷ್ಟು ಬೆಲೆಯೂ ಅದಕ್ಕೆ ಇಲ್ಲವೆನಿಸಿ ಒಲೆಯ ಹತ್ತಿರ ಬಿಟ್ಟಿದ್ದ. ಸರ್ವಮಂಗಳ ಅದರಿಂದ ಬೆಂಕಿ ಹೊತ್ತಿಸಿದಳು.

ಈ ದಿನ ಬೆಳಿಗ್ಗೆ ಮಡಿಕೇರಿಯ ಸರ್ಕಾರಿ ಬಂಗಲೆಯ ಮೆಟ್ಟಿಲಲ್ಲಿ ಹಿರಾನೊ ಎರಡೂ ಕೈ ತೊಡೆಗೆ ಒತ್ತಿ ಬಗ್ಗಿ ಏನೋ ಮೆತ್ತಗೆ ಹೇಳಿದ್ದ. ಪರಮೇಶಪ್ಪನಿಗೆ ಅದು ಅರ್ಥವಾಗಲು ಹೊತ್ತು ಹಿಡಿಯಿತು. ಆ ಭಾಷೆಯನ್ನು ಇಷ್ಟು ಮೆತ್ತಗೆ ಆಡಿದ್ದನ್ನು ಅವನು ಕೇಳಿಯೇ ಇರಲಿಲ್ಲ. ಉತ್ತರ ಕೊಡಲು ಬಾಯಿ ತೆರೆದಾಗ ಹೊರಬಿದ್ದ ಮಾತು ಕ್ಯಾಂಪಿನ ಮಾತು: ಗಂಟಲಿಂದ ಒದ್ದಂತೆ ಬರುವ, ಆಜ್ಞೆಯೂ ಆಜ್ಞೆಗೆ ಉತ್ತರವೂ ಬಿಟ್ಟರೆ ಬೇರೇನೂ ಇಲ್ಲದ ಮಾತು. ಮುದುಕನ ಮುಖ ಕೆನ್ನೆಗೆ ಹೊಡೆದ ಹಾಗೆ ಬದಲಾಯಿತು. "ಎಲ್ಲಿ ಕಲಿತಿರಿ?" ಎಂದ. "ದಕ್ಷಿಣ ಸಮುದ್ರದ ದ್ವೀಪದಲ್ಲಿ, ರಬೌಲ್‌ನಲ್ಲಿ. ಕೈದಿಯಾಗಿದ್ದೆ. ದುಭಾಷಿ ಕೆಲಸ." ಮುದುಕ ಮತ್ತೆ ಬಗ್ಗಿದ, ಮೊದಲಿಗಿಂತ ಹೆಚ್ಚು ಹೊತ್ತು. ಬೆಳ್ಯಪ್ಪ ಸಾಹೇಬರು ಸಂತೋಷದಿಂದ, "ಏನಂತೆ, ನಿಮ್ಮ ಭಾಷೆ ಮೆಚ್ಚಿದರಾ?" ಎಂದರು. "ಮೆಚ್ಚಿದರು ಸಾರ್," ಎಂದ ಪರಮೇಶಪ್ಪ. ಅದು ಆ ದಿನದ ಮೊದಲ ಸುಳ್ಳು. ಎಷ್ಟು ಸಲೀಸಾಗಿ ಬಂತೆಂದು ಅವನಿಗೇ ಬೆರಗಾಯಿತು. ಇಡೀ ದಿನ ಇವರಿಬ್ಬರ ನಡುವೆ ಓಡಾಡುವ ಮಾತೆಲ್ಲ ನನ್ನ ನಾಲಿಗೆಯ ಮೇಲಿಂದಲೇ ಹೋಗಬೇಕು. ಸೇತುವೆ ಕಾಯುವವನು ನಾನು. ಯಾರನ್ನು ದಾಟಿಸಬೇಕು, ಯಾರನ್ನು ಹೊಳೆಗೆ ನೂಕಬೇಕು, ನನ್ನ ಇಷ್ಟ.

ಕುಶಾಲನಗರ ಬಂದು ಜೀಪು ಹೆಬ್ಬಾಲೆಯ ದಾರಿಗೆ ತಿರುಗಿದಾಗ ಮಾತ್ರ ಅವನ ಬೆಚ್ಚಗಿನ ಸುಖಕ್ಕೆ ತಣ್ಣೀರು ಬಿದ್ದಂತಾಯಿತು. ಪ್ರಾತ್ಯಕ್ಷಿಕೆ ಕುಶಾಲನಗರದ ಹತ್ತಿರ ಎಂದಷ್ಟೇ ಸಾಹೇಬರು ಹೇಳಿದ್ದರು. ಹೆಬ್ಬಾಲೆ ಸಣ್ಣಸ್ವಾಮಿಯ ಊರು. ಸಿಂಗಪುರ ಬಿದ್ದಾಗ ಒಟ್ಟಿಗೆ ಸೆರೆಸಿಕ್ಕವರು ಅವರಿಬ್ಬರು. ಹಡಗಿನ ಹೊಟ್ಟೆಯಲ್ಲಿ ಇಪ್ಪತ್ತೆಂಟು ದಿನ ಒಬ್ಬನ ಮೊಣಕಾಲಿಗೆ ಇನ್ನೊಬ್ಬನ ತಲೆಯಿಟ್ಟು ಹೋದವರು. ಪರಮೇಶಪ್ಪ ಕೊಡ್ಲಿಪೇಟೆಯವನೆಂದು ತಿಳಿದ ದಿನ ಸಣ್ಣಸ್ವಾಮಿ, "ಅಯ್ಯೋ, ನಮ್ಮೂರಿಗೆ ನಡಕೊಂಡೇ ಬರಬೌದಲ್ಲಣ್ಣ!" ಎಂದು ಕೈ ಹಿಡಿದುಕೊಂಡಿದ್ದ, ಆ ಕಬ್ಬಿಣದ ಕತ್ತಲೆಯಿಂದ ಹೊರಗೆ ಬಂದರೆ ಎದುರಿಗೇ ಹೆಬ್ಬಾಲೆ ಇದೆಯೇನೋ ಎನ್ನುವ ಹಾಗೆ. ಬಿಡುಗಡೆಯಾಗಿ ಬಂದು ಎಂಟು ವರ್ಷವಾಗಿತ್ತು. ನಡೆದು ಹೋಗಬಹುದಾದ ಊರಿಗೆ ಪರಮೇಶಪ್ಪ ಬಸ್ಸಿನಲ್ಲೂ ಹೋಗಿರಲಿಲ್ಲ. ಸಣ್ಣಸ್ವಾಮಿಗೊಬ್ಬಳು ತಾಯಿ ಇದ್ದಾಳೆಂದು ಗೊತ್ತಿತ್ತು. ಇದ್ದಳು ಎಂದುಕೊಳ್ಳಲು ಅಭ್ಯಾಸ ಮಾಡಿಕೊಂಡಿದ್ದ.

ಗದ್ದೆಯ ಬದುವಿನ ಮೇಲೆ ಊರೇ ನೆರೆದಿತ್ತು. ಹಾಸನ, ಮೈಸೂರು ಸೀಮೆಗಳಿಂದ ಬಂದು ಕಾಡು ಕಡಿದು ನೆಲೆನಿಂತ ಒಕ್ಕಲುಗಳು. ಕಂಬಳಿ ಹೊದ್ದ ಗಂಡಸರು, ಸೀರೆ ಎತ್ತಿ ಕಟ್ಟಿದ ನಾಟಿಯ ಹೆಂಗಸರು. ಹನಿ ಮಳೆ ಬಂದು ನಿಂತಿತ್ತು. ಹಿರಾನೊ ಷರಾಯಿಯನ್ನು ಮೊಣಕಾಲಿನವರೆಗೆ ಸುತ್ತಿ, ಯಾರೂ ಕೈಕೊಡುವ ಮೊದಲೇ ಕೆಸರಿಗೆ ಇಳಿದ. ಗಂಟು ಹಾಕಿದ ಹಗ್ಗವೊಂದನ್ನು ಗದ್ದೆಯ ಅಡ್ಡಕ್ಕೆ ಎಳೆಸಿ, ಒಂದೊಂದು ಗಂಟಿಗೆ ಎರಡೆರಡೇ ಪೈರು ನೆಡುತ್ತಾ ಹಿಂದಕ್ಕೆ ಸರಿಯತೊಡಗಿದ. ಆ ಬೆರಳುಗಳ ವೇಗ ನೋಡಿ ಹೆಂಗಸರು ನಗುವುದನ್ನು ಮರೆತರು. "ಇವನೂ ನಮ್ಮಂಗೆ ಗೇಯ್ದೋನೇ ಕಣ್ರೇ," ಎಂದಳೊಬ್ಬಳು. ಪರಮೇಶಪ್ಪನಿಗೆ ಆ ಮಾತು ಮುಳ್ಳಿನಂತೆ ಚುಚ್ಚಿತು. "ಸಾಲಿನಿಂದ ಸಾಲಿಗೆ ಒಂಬತ್ತು ಅಂಗುಲ" ಎಂದು ಹಿರಾನೊ ತಲೆಯೆತ್ತಿ ಹೇಳಿದಾಗ, ಮೂರು ಅಂಗುಲ ಎಂದು ಬಿಡೋಣವೆನಿಸಿತು. ಪೈರು ಒತ್ತಾಗಿ ಉಸಿರುಕಟ್ಟಿ ಕೊಳೆಯಲಿ. ಇವರ ಪದ್ಧತಿಯ ಹೆಸರೆತ್ತಿದರೆ ಊರು ಉಗಿಯಲಿ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದ. ಹಾಳಾಗುವುದು ಇವರ ಗದ್ದೆ. ಹಿರಾನೊ ನಾಳೆ ರೈಲು ಹತ್ತುತ್ತಾನೆ. "ಒಂಬತ್ತಂಗುಲ," ಎಂದ ಒಣದನಿಯಲ್ಲಿ. ಈ ಪುಡಿ ಸೇಡು ತನಗೆ ಬೇಡ, ಬೇಕಾದದ್ದು ಬೇರೆ. ಅದೇನೆಂದು ಮಾತ್ರ ಅವನಿಗಿನ್ನೂ ಸ್ಪಷ್ಟವಿರಲಿಲ್ಲ.

ಜನ ಚದುರುವ ಹೊತ್ತಿಗೆ ಬದುವಿನ ಆ ತುದಿಯಿಂದ ಒಬ್ಬ ಮುದುಕಿ ಬಂದಳು. ಅವಳು ಯಾರೆಂದು ಪರಮೇಶಪ್ಪನಿಗೆ ಯಾರೂ ಹೇಳಬೇಕಾಗಲಿಲ್ಲ. ಆ ಅಗಲದ ದವಡೆ, ಮಾತಿಗೆ ಮುಂಚೆ ಕೆಳತುಟಿಯನ್ನು ಒಳಗೆಳೆದುಕೊಳ್ಳುವ ಬಗೆ. "ನಿಂಗಮ್ಮ, ನೀ ಸುಮ್ಕಿರವ್ವ," ಎಂದು ಯಾರೋ ತಡೆದರು. ಅವಳು ಕೈ ಕೊಡವಿಕೊಂಡು ನೇರ ಪರಮೇಶಪ್ಪನ ಮುಂದೆ ನಿಂತಳು. "ಸ್ವಾಮಿ, ಅವರ ಮಾತು ಬಲ್ಲೋರು ನೀವೇ ಅಲ್ವರಾ? ಒಂದು ಮಾತು ಕೇಳಿಕೊಡಿ. ನನ್ನ ಮಗ ಸಣ್ಣಸ್ವಾಮಿ ಇವರ ಸೆರೇಲಿ ಸತ್ತ ಅಂತ ಕಾಗದ ಬಂತು. ಯಾವತ್ತು ಅಂತಿಲ್ಲ, ಹೆಂಗೆ ಅಂತಿಲ್ಲ. ನಾನೇನೂ ಜಗಳಕ್ಕೆ ಬಂದಿಲ್ಲ. ಸಾಯೋ ಮುಂಚೆ ಅವನಿಗೆ ಹೊಟ್ಟೆ ತುಂಬ ಒಂದೊತ್ತು ಅನ್ನ ಸಿಕ್ಕಿತ್ತಾ, ಅದಷ್ಟು ಕೇಳಿ."

ಬೆಳ್ಯಪ್ಪ ಸಾಹೇಬರು ಕಂಗಾಲಾಗಿ, "ಇದೆಲ್ಲ ಯಾಕೀಗ? ಬೇಡ, ಬೇಡ" ಎಂದರು. ಹಿರಾನೊ ಮುದುಕಿಯ ಮುಖವನ್ನೇ ನೋಡುತ್ತಾ, "ತಾಯಿ ಏನು ಕೇಳುತ್ತಿದ್ದಾರೆ?" ಎಂದ. ಪರಮೇಶಪ್ಪ ಹೇಳಿದ, ಒಂದಕ್ಷರ ಬಿಡದೆ. ಹೇಳುವಾಗ ಅವನ ಕ್ಯಾಂಪಿನ ಜಪಾನಿ, ಅನ್ನವನ್ನೂ ಮಗನನ್ನೂ ತಾಯಿಯನ್ನೂ ಆಜ್ಞೆಯಂತೆ ಒದರಿತು. ಮುದುಕ ಕೆಸರಿನಲ್ಲೇ ನಿಂತು, ನಿಧಾನವಾಗಿ, ತಡೆತಡೆದು ಉತ್ತರ ಕೊಟ್ಟ. "ನನ್ನ ದೊಡ್ಡ ಮಗನೂ ಆ ದ್ವೀಪಗಳಲ್ಲೇ ಎಲ್ಲೋ ಸತ್ತ. ನಮ್ಮ ಸರ್ಕಾರ ಒಂದು ಮರದ ಪೆಟ್ಟಿಗೆ ಕಳಿಸಿತು. ತೆರೆದರೆ ಒಳಗೆ ಅವನ ಹೆಸರು ಬರೆದ ಚೀಟಿ, ಅಷ್ಟೇ. ಅಲ್ಲಿ ಅನ್ನ ಯಾರಿಗೂ ಇರಲಿಲ್ಲ ಅಂತ ಹೇಳಬಹುದು. ಈ ತಾಯಿಯ ಮುಂದೆ ಹಾಗೆ ಹೇಳಲಾರೆ. ನನ್ನ ಮಗನ ಕೈಯಿಂದ ಇವರ ಮಗನಿಗೆ ಏನಾಯಿತೋ ನನಗೆ ತಿಳಿಯದು. ಅದಕ್ಕಾಗಿ ನಾನು ತಲೆ ಬಾಗುತ್ತೇನೆ."

ಊರೆಲ್ಲ ಪರಮೇಶಪ್ಪನ ಬಾಯಿ ನೋಡುತ್ತಿತ್ತು. ಇಂಥ ಮೌನ ಅವನಿಗೆ ಹೊಸದಲ್ಲ. ಕ್ಯಾಂಪಿನ ತೆಂಗಿನ ಮರಗಳ ನಡುವಿನ ಬಯಲಿನಲ್ಲಿ ನೂರಾ ಹತ್ತು ಜನ ಸಾಲಾಗಿ ನಿಂತಿದ್ದಾಗಲೂ ಹೀಗೆಯೇ ಎಲ್ಲರೂ ಅವನ ಬಾಯಿ ನೋಡಿದ್ದರು. ಉಗ್ರಾಣದ ಅಕ್ಕಿ ಕಳುವಾಗಿತ್ತು. ಕದ್ದವನು ಮುಂದೆ ಬರದಿದ್ದರೆ ಯಾರಿಗೂ ಮೂರು ದಿನ ಗಂಜಿಯಿಲ್ಲವೆಂದು ಸಾರ್ಜೆಂಟ್ ಕೂಗಿದ್ದನ್ನು ಅವನೇ ಹಿಂದೂಸ್ತಾನಿಯಲ್ಲಿ ಕೂಗಿ ಹೇಳಿದ್ದ. ಮಲೇರಿಯಾದಲ್ಲಿ ಬೇಯುತ್ತಿದ್ದ ಸಣ್ಣಸ್ವಾಮಿ ನಿಂತಲ್ಲೇ ತೂಗಾಡುತ್ತಿದ್ದ. ಸಾರ್ಜೆಂಟ್ ಅವನ ಗಲ್ಲದ ಕೆಳಗೆ ದೊಣ್ಣೆಯಿಟ್ಟು ಮುಖ ಎತ್ತಿದ. ಸಣ್ಣಸ್ವಾಮಿ ಆಕಾಶ ನೋಡಿದ, ಯಾರನ್ನೋ ಕಂಡವನಂತೆ ನಕ್ಕ, "ಉಂಡೆ ಕಣವ್ವ, ಸಾಕು, ಇನ್ನಿಕ್ಕಬೇಡ" ಎಂದ. ಏನೆಂದ, ಏನೆಂದ ಇವನು, ಎಂದು ಸಾರ್ಜೆಂಟ್ ದುಭಾಷಿಯ ಕಡೆ ತಿರುಗಿದ. ಪರಮೇಶಪ್ಪ ಹೇಳಿದ್ದ: ಉಂಡೆ, ಸಾಕು, ಇನ್ನು ಬೇಡ ಅನ್ನುತ್ತಿದ್ದಾನೆ. ಸುಳ್ಳಲ್ಲ. ಆ ಮಾತನ್ನು ಅವನು ಎಷ್ಟೋ ಸಾವಿರ ಸಲ ತೂಗಿ ನೋಡಿದ್ದ. ಪದಕ್ಕೆ ಪದ ಸರಿಯಾಗಿತ್ತು. ಅವ್ವ ಎನ್ನುವುದೊಂದನ್ನು ಬಿಟ್ಟಿದ್ದ, ಅಷ್ಟೇ. ಅದನ್ನು ಸೇರಿಸಿದ್ದರೆ ಜ್ವರದ ಬಡಬಡಿಕೆ ಎಂದು ಸಾರ್ಜೆಂಟನಿಗೂ ತಿಳಿಯುತ್ತಿತ್ತು. ಸೇರಿಸಲಿಲ್ಲ, ಏಕೆಂದರೆ ಕಾವಲಿನವನ ಕಣ್ಣು ತಪ್ಪಿಸಿ ಎರಡು ಹಿಡಿ ಅಕ್ಕಿಯನ್ನು ಟೋಪಿಯೊಳಗೆ ತುಂಬಿಕೊಂಡು ಹೋಗಿ ಕಕ್ಕಸಿನಲ್ಲಿ ಹಸಿಯಾಗಿ ಅಗಿದು ನುಂಗಿದ್ದವನು ಅವನೇ. ಆ ಹೊತ್ತಿಗೂ ಅವನ ದವಡೆಯ ಸಂದಿಯಲ್ಲಿ ಒಂದು ನುಚ್ಚು ಸಿಕ್ಕಿಕೊಂಡಿತ್ತು. ಸಣ್ಣಸ್ವಾಮಿಯನ್ನು ಬಡಿದು ಮರಕ್ಕೆ ಕಟ್ಟಿದರು. ಎರಡನೆಯ ದಿನ ಸಂಜೆ ಅವನ ತಲೆ ವಾಲಿತು.

"ಏನಂತೆ ಸ್ವಾಮಿ?" ಎಂದಳು ನಿಂಗಮ್ಮ.

ಪರಮೇಶಪ್ಪನಿಗೆ ತನ್ನ ದನಿ ದೂರದಿಂದ ಕೇಳಿಸಿತು. "ಯುದ್ಧ ಅಂದಮೇಲೆ ಸಾಯೋರು ಸಾಯ್ತಾರಂತೆ. ಕೈದಿಗಳಿಗೆ ಅನ್ನ ಹಾಕೋದಕ್ಕೆ ತಾವೇನೂ ಛತ್ರ ಕಟ್ಟಿಸಿರಲಿಲ್ಲವಂತೆ. ನಿಮ್ಮ ಸರ್ಕಾರವೇ ಎಲ್ಲ ಮನ್ನಾ ಮಾಡಿದ ಮೇಲೆ ಕೇಳೋಕೆ ನೀನ್ಯಾರು, ಅಂತಾರೆ."

ಆಡಿದ ಮೇಲೆ ನಾಲಿಗೆಗೆ ಅದು ಎಷ್ಟು ರುಚಿಯೆನಿಸಿತು! ಹಿರಾನೊ, ತನ್ನ ಮಾತು ತಲುಪಿತೆಂದು ನಂಬಿ, ಮುದುಕಿಗೆ ಸೊಂಟದವರೆಗೆ ಬಗ್ಗಿದ. ನಿಂಗಮ್ಮನ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಬದುವಿನಿಂದ ಒಂದು ಹಿಡಿ ಕೆಸರೆತ್ತಿ ಬೀಸಿ ಹೊಡೆದಳು. ಅದು ಹಿರಾನೊನ ಹಣೆಗೆ ಬಡಿದು ಕಣ್ಣಿನ ಮೇಲೆ ಇಳಿಯಿತು. ಹಿಂದಿನಿಂದ ಇನ್ನೂ ನಾಲ್ಕಾರು ಹೆಂಟೆ ಹಾರಿದವು. ಮುದುಕ ತಲೆಯೆತ್ತಲಿಲ್ಲ, ಕೈ ಅಡ್ಡ ಹಿಡಿಯಲಿಲ್ಲ. ಇದು ತನಗೆ ಸಲ್ಲಬೇಕಾದದ್ದೇ ಎನ್ನುವ ಹಾಗೆ ಬಗ್ಗಿಯೇ ನಿಂತ. ಹತ್ತು ವರ್ಷ ಕನಸಿನಲ್ಲಿ ಕಂಡ ಕುತ್ತಿಗೆ, ಈಗ ಹಗಲಿನಲ್ಲಿ, ಕೆಸರು ಇಳಿಯುತ್ತಾ ಅವನ ಮುಂದಿತ್ತು. ಪರಮೇಶಪ್ಪ ಕಣ್ತುಂಬ ನೋಡಿದ.

ಹತ್ತು ನಿಮಿಷದಲ್ಲಿ ಪೋಲೀಸಿನವನೊಬ್ಬ ಜನರನ್ನು ಚದುರಿಸಿದ. ಹಿರಾನೊನನ್ನು ಜೀಪಿನಲ್ಲಿ ಕೂಡಿಸಿ ಟವಲು ಕೊಟ್ಟರು. ಬೆಳ್ಯಪ್ಪ ಸಾಹೇಬರು ಶಾನುಭೋಗರ ಜಗಲಿಯಲ್ಲಿ ಕಾಗದ ಪೆನ್ನು ತರಿಸಿ, "ಅವರು ಅಂದದ್ದನ್ನು ಇದ್ದದ್ದಿದ್ದ ಹಾಗೆ ಬರೀರಿ. ನಾಳೆ ದೆಹಲಿಯಿಂದ ಕೇಳ್ತಾರೆ. ತಪ್ಪು ನಮ್ಮದಲ್ಲ ಅಂತ ಇರಬೇಕು, ತಿಳೀತಾ?" ಎಂದರು. ಪರಮೇಶಪ್ಪ ಮುತ್ತಿನಂಥ ಇಂಗ್ಲಿಷ್ ಅಕ್ಷರದಲ್ಲಿ, ಆ ಭಾಷೆಯನ್ನು ಜಪಾನಿಯರ ಸೆರೆಯಲ್ಲಿ ಕಲಿತದ್ದೆಂಬುದನ್ನೂ ಸೇರಿಸಿ, ಒಂದು ಪುಟ ಬರೆದು ರುಜು ಹಾಕಿದ. ಈ ಸಲ ಗಮನಿಸಲಾಗಿದೆ ಎಂಬ ಕಾರ್ಡು ಬರುವುದಿಲ್ಲ. ಈ ಸಲ ಅವರು ಓದಲೇಬೇಕು. "ನೀವು ಬಸ್ಸಿನಲ್ಲಿ ಬನ್ನಿ. ಅವರ ಜೊತೆ ಈಗ ಕೂರೋದು ಬೇಡ," ಎಂದು ಸಾಹೇಬರು ಜೀಪು ಹತ್ತಿದರು.

ಬಸ್ಸಿಗೆ ಎರಡು ಗಂಟೆಯಿತ್ತು. ಅರಳಿಕಟ್ಟೆಯ ಹತ್ತಿರ ಅವನು ನಿಂತಿರುವಾಗ ನಿಂಗಮ್ಮ ಬಂದಳು. ಸೀರೆಯ ಸೆರಗಿನಲ್ಲಿ ಕೈಯ ಕೆಸರು ಇನ್ನೂ ಹಾಗೇ ಇತ್ತು. "ನೀವೂ ಆ ಸೆರೇಲೇ ಇದ್ರಂತೆ, ಆ ದೊಡ್ಡ ಸಾಹೇಬ್ರು ಪೋಲೀಸ್ನೋನಿಗೆ ಹೇಳ್ತಿದ್ರು. ನನ್ನ ಮಗನ್ನ ನೋಡಿದ್ರಾ ಸ್ವಾಮಿ?" ಇಲ್ಲ ಎನ್ನಬಹುದಿತ್ತು. ಆ ದ್ವೀಪದಲ್ಲಿ ಸಾವಿರಾರು ಜನರಿದ್ದರು. "ನೋಡಿದ್ದೆ," ಎಂದ. ಯಾಕೆ ಹಾಗೆಂದೆನೆಂದು ಆಮೇಲೆ ಎಷ್ಟು ಯೋಚಿಸಿದರೂ ಅವನಿಗೆ ಹೊಳೆಯಲಿಲ್ಲ. ಗೆದ್ದ ಸೊಕ್ಕಿರಬೇಕು, ಈ ದಿನ ತನ್ನನ್ನು ಏನೂ ಮುಟ್ಟಲಾರದೆಂದು ಅನಿಸಿರಬೇಕು. ಮುದುಕಿ ಅವನ ಮೊಳಕೈಯನ್ನು ಎರಡೂ ಕೈಯಿಂದ ಹಿಡಿದಳು. "ನಡೀರಿ ಮನೆಗೆ. ನೀವು ಲಿಂಗದೋರು, ನಮ್ಮನೇಲಿ ಉಣ್ತೀರೋ ಇಲ್ವೋ." "ಅಲ್ಲಿ ಎಲ್ಲಾನೂ ತಿಂದಿದ್ದೀನಮ್ಮ," ಎಂದ.

ಒಂದಂಕಣದ ಮನೆ. ಮಣೆ ಹಾಕಿ, ಬಾಳೆಲೆ ಹಾಸಿ, ಕೆಂಪಕ್ಕಿಯ ಅನ್ನ, ಹುರುಳಿಕಾಳಿನ ಸಾರು ಬಡಿಸಿದಳು. ಎದುರಿಗೆ ಕುಕ್ಕರಗಾಲಲ್ಲಿ ಕೂತು ನೋಡುತ್ತಾ, "ಅವನ ಮುಖಕ್ಕೆ ಹೊಡೆದೆನಲ್ಲ, ಹತ್ತು ವರ್ಸದ ಉರಿ ಆರೋದು ಅಂದ್ಕೊಂಡಿದ್ದೆ. ಆರ್ಲಿಲ್ಲ ಸ್ವಾಮಿ. ಆವಯ್ಯ ಅಳ್ತಿದ್ದ. ಕೆಸರು ಬೀಳೋಕೆ ಮುಂಚೇನೇ ಅಳ್ತಿದ್ದ, ಮಾತಾಡುವಾಗಲೇ. ಅಂಥಾ ಕೊಬ್ಬಿನ ಮಾತಾಡೋನು ಯಾಕೆ ಅಳ್ತಾನೆ?" ಎಂದಳು. ಪರಮೇಶಪ್ಪ ತುತ್ತು ಕಲಸಿದ. "ಹೇಳಿ ಸ್ವಾಮಿ. ಅವನು ಅಂದದ್ದು ಅದೇನಾ?"

ಅವಳ ದನಿಯಲ್ಲಿ ಅನುಮಾನವಿರಲಿಲ್ಲ, ಆಪಾದನೆಯಿರಲಿಲ್ಲ. ನಾಟಿ ಹಾಕಿದ್ದು ಸರಿಯಾಗಿದೆಯೇ ಎಂದು ಕೇಳಿದ ಹಾಗಿತ್ತು. ಪರಮೇಶಪ್ಪ ತಲೆಯೆತ್ತಿದ. ಗೋಡೆಯ ಮೇಲೆ ಯಾವ ಪಟವೂ ಇರಲಿಲ್ಲ. ಆ ಮನೆಯಲ್ಲಿ ಸಣ್ಣಸ್ವಾಮಿ ಇದ್ದನೆನ್ನಲು ಆ ದವಡೆಯೊಂದೇ ಗುರುತು. "ಅಲ್ಲ," ಎಂದ. ಹಿರಾನೊ ಹೇಳಿದ್ದನ್ನು ಹೇಳಿದ: ಅವನ ಮಗನನ್ನು, ಪೆಟ್ಟಿಗೆಯನ್ನು, ಚೀಟಿಯನ್ನು. ಮುದುಕಿ ಕೆಳತುಟಿಯನ್ನು ಒಳಗೆಳೆದುಕೊಂಡಳು. "ಮತ್ಯಾಕೆ ನೀವು ಹಂಗಂದ್ರಿ?" ಅಲ್ಲಿಗೆ ನಿಲ್ಲಿಸಬಹುದಿತ್ತು. ದ್ವೇಷಕ್ಕೆ ಹಾಗೆಂದೆ ಎಂದರೆ ಸಾಕಿತ್ತು, ಅವಳೂ ಒಪ್ಪುತ್ತಿದ್ದಳು. ಆದರೆ ಒಂದು ಕಲ್ಲು ಕಿತ್ತರೆ ಪೂರ್ತಿ ಗೋಡೆ ಜರಿಯುವಂತೆ ಉಳಿದದ್ದೂ ಬಿತ್ತು. ಟೋಪಿ, ಅಕ್ಕಿ, ಸಾಲು, ದೊಣ್ಣೆ. ಸಣ್ಣಸ್ವಾಮಿ ಆಡಿದ ಮಾತನ್ನು ಅವನು ಒಂಬತ್ತು ವರ್ಷದಲ್ಲಿ ಮೊದಲ ಸಲ ಪೂರ್ತಿಯಾಗಿ ಆಡಿದ, ಬಿಟ್ಟ ಪದವನ್ನೂ ಸೇರಿಸಿ.

ಒಲೆಯಲ್ಲಿ ಸೌದೆ ಸಿಡಿಯಿತು. ಪರಮೇಶಪ್ಪ ಏಳಲು ನೆಲಕ್ಕೆ ಕೈಯೂರಿದ.

"ಎಲೆ ಮುಂದಿಂದ ಏಳಬೇಡ," ಎಂದಳು. ಬಹುವಚನ ಹೋಗಿತ್ತು. "ಕೂತ್ಕೊ. ಉಣ್ಣು."

ಉಂಡ. ಅವಳು ಮತ್ತೆ ಬಡಿಸಿದಳು. ಅದನ್ನೂ ಉಂಡ. ಮೂರನೆಯ ಸಲ ಸೌಟು ಎಲೆಯ ಮೇಲೆ ಬಂದಾಗ ಹೊಟ್ಟೆ ಬಿರಿಯುತ್ತಿತ್ತು, ಗಂಟಲಿಗೆ ಬಂದು ನಿಂತಿತ್ತು. ಸಾಕು ಎನ್ನಬೇಕು. ಆ ಪದ ಅವನಿಗೆ ಬರಲಿಲ್ಲ. ಅದನ್ನು ಈ ಮನೆಯಲ್ಲಿ ಅನ್ನುವ ಹಕ್ಕು ಯಾರದೆಂದು ಅವನಿಗೆ ಗೊತ್ತಿತ್ತು. ಬೆವರು ಸುರಿಸುತ್ತಾ ತುತ್ತುತುತ್ತಾಗಿ ನುಂಗಿದ. ಪಾತ್ರೆ ಬರಿದಾಗುವವರೆಗೆ ಅವಳು ಬಡಿಸಿದಳು, ನಿಧಾನವಾಗಿ, ಒಂದು ಅಗುಳೂ ಚೆಲ್ಲದಂತೆ. ಕೊನೆಗೆ ಕೇಳಿದಳು: "ಯಾವತ್ತು ಸತ್ತ?"

"ನವೆಂಬರ್ ಹದಿಮೂರು. ನಲವತ್ತನಾಲ್ಕನೇ ಇಸವಿ."

"ದಿನ ಗೊತ್ತಿಲ್ದೆ ಇಷ್ಟು ವರ್ಸ ನನ್ನ ಮಗನಿಗೆ ಎಡೆ ಇಡಲಿಲ್ಲ ನಾನು. ಈ ವರ್ಸದಿಂದ ಇಡ್ತೀನಿ. ಅವತ್ತು ನೀನು ಬರಬೇಕು. ಆ ಎಡೆ ನೀನೇ ಉಣ್ಣಬೇಕು, ನನ್ನ ಮುಂದೆ ಕೂತು. ನಾನು ಸಾಯೋಗಂಟ."

"ಬರ್ತೀನವ್ವ."

"ಅವ್ವ ಅನ್ನಬೇಡ," ಎಂದಳು ನಿಂಗಮ್ಮ, ಎಲೆ ಮಡಿಸುವಂತೆ ಸನ್ನೆ ಮಾಡುತ್ತಾ.

ಮಾರನೆಯ ಬೆಳಿಗ್ಗೆ ಕಚೇರಿಗೆ ಎಲ್ಲರಿಗಿಂತ ಮೊದಲು ಹೋಗಿ, ನಿನ್ನೆ ಬರೆದುಕೊಟ್ಟದ್ದು ಸುಳ್ಳೆಂದೂ ಅತಿಥಿಯ ಮಾತು ಹೀಗಿತ್ತೆಂದೂ ಎರಡನೆಯ ಹೇಳಿಕೆ ಬರೆದು ಸಾಹೇಬರ ಮೇಜಿನ ಮೇಲಿಟ್ಟ. ಕೆಲಸ ಹೋಗುತ್ತದೆಂದು ಸರ್ವಮಂಗಳಳಿಗೂ ಹೇಳಿ ಬಂದಿದ್ದ. ಬೆಳ್ಯಪ್ಪ ಸಾಹೇಬರು ಓದಿದರು, ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು. "ನಿಮಗೆ ಬುದ್ಧಿ ಇದೆಯೇನ್ರೀ? ರಾತ್ರಿಯೇ ತಂತಿ ಹೋಗಿ ಬಂದು ಎಲ್ಲ ಮುಗಿದುಹೋಗಿದೆ. ಭಾಷೆಯ ತೊಡಕಿನಿಂದ ಆದ ಸಣ್ಣ ತಪ್ಪು ತಿಳಿವಳಿಕೆ, ಎರಡೂ ಕಡೆಯವರಿಗೆ ವಿಷಾದವಿದೆ, ಅಂತ ತೀರ್ಮಾನ ಆಗಿದೆ. ನಿಮ್ಮ ಹೇಳಿಕೆಯನ್ನು ನಿಘಂಟು ಹಿಡಿದು ಓದಿ ಹಿರಾನೊ ಅವರೇ ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದಾರೆ, ತನ್ನ ಉಚ್ಚಾರ ಸ್ಪಷ್ಟವಿರಲಿಲ್ಲ, ದುಭಾಷಿ ಒಳ್ಳೆಯವರು, ಅವರಿಗೆ ತೊಂದರೆ ಕೊಡಬೇಡಿ ಅಂತ. ಇನ್ನೇನು ಬೇಕು ನಿಮಗೆ?" ಹೇಳಿಕೆಯನ್ನು ನಾಲ್ಕಾಗಿ ಹರಿದು ಬುಟ್ಟಿಗೆ ಹಾಕಿದರು. "ಹೋಗಿ, ಕೆಲಸ ನೋಡಿ. ಎಲ್ಲರೂ ಕ್ಷಮಿಸಿಯಾಗಿದೆ."

ಪರಮೇಶಪ್ಪ ತನ್ನ ಜಾಗಕ್ಕೆ ಬಂದು ಕೂತ. ಮುದುಕ ಬೆಳಗಿನ ಬಸ್ಸಿಗೇ ಮೈಸೂರಿಗೆ ಹೊರಟಿದ್ದ. ಓಡಿದರೂ ಸಿಗುವಂತಿರಲಿಲ್ಲ, ಸಿಕ್ಕಿದರೂ ಆಡಲು ಅವನ ಜಪಾನಿಯಲ್ಲಿ ತಕ್ಕ ಮಾತಿರಲಿಲ್ಲ. ಕೋಪ ಬಂದು ಕಿವಿ ಬಿಸಿಯಾಯಿತು. ಯಾರನ್ನು ಕೇಳಿ ನನ್ನನ್ನು ಮನ್ನಿಸಿದ ಅವನು? ನಂಬರು ಹಾಕುವ ಮೊಹರನ್ನು ಮಸಿಗೆ ಒತ್ತಿ ಲಕೋಟೆಯ ಮೇಲೆ ಗುದ್ದಿದ, ಹೆಡ್ ಗುಮಾಸ್ತರು ತಲೆಯೆತ್ತಿ ನೋಡುವಷ್ಟು ಜೋರಾಗಿ.

ನವೆಂಬರ್ ಹದಿಮೂರು ಶುಕ್ರವಾರ ಬಂತು. ರಜೆ ಹಾಕಿ ಮೊದಲ ಬಸ್ಸಿಗೆ ಹೆಬ್ಬಾಲೆಗೆ ಹೋದ. ನಿಂಗಮ್ಮ ಬಾ ಎನ್ನಲಿಲ್ಲ, ಯಾಕೆ ಬಂದೆ ಎನ್ನಲಿಲ್ಲ. ನೆಂಟರು ಇಷ್ಟರು ಯಾರನ್ನೂ ಕರೆದಿರಲಿಲ್ಲ. ಎಡೆಯ ಮುಂದೆ ದೀಪ ಹಚ್ಚಿ, ಕೈಮುಗಿದು, ಆ ಎಲೆಯನ್ನೇ ಎಳೆದು ಅವನ ಮುಂದಿಟ್ಟಳು. ಅವನು ಉಂಡು ಮುಗಿಸುವವರೆಗೆ ಅವಳ ಕಣ್ಣು ಅವನ ಕೈಯಿಂದ ಬಾಯಿಗೆ, ಬಾಯಿಂದ ಕೈಗೆ ಓಡಾಡಿತು. ಕೈ ತೊಳೆದು ಜಗಲಿಗೆ ಬಂದಾಗ ಪಕ್ಕದ ಮನೆಯ ರಂಗಮ್ಮ ಮೊರ ಕೇಳಲು ಬಂದವಳು, ಕೋಟು ತೊಟ್ಟವನನ್ನು ಕಂಡು ಸೆರಗು ಸರಿಪಡಿಸಿಕೊಂಡು, "ಯಾರತ್ತೆ ಇವರು, ನೆಂಟರಾ?" ಎಂದಳು.

"ನೆಂಟನಲ್ಲ," ಎಂದಳು ನಿಂಗಮ್ಮ, ಒಳಗಿನಿಂದ ಮೊರ ತಂದುಕೊಡುತ್ತಾ, ದನಿಯನ್ನು ಏರಿಸದೆ ಇಳಿಸದೆ. "ನನ್ನ ಮಗನ್ನ ಕೊಂದೋನು. ವರ್ಸಕ್ಕೊಂದ್ಸಲ ಉಣ್ಣಾಕೆ ಬರ್ತಾನೆ. ಆ ಚೆಂಬಲ್ಲಿ ನೀರೈತೆ, ಕೊಡು ಅವನಿಗೆ."

ರಂಗಮ್ಮ ನಕ್ಕಳು, ಆಮೇಲೆ ಮುದುಕಿಯ ಮುಖ ನೋಡಿ ನಗು ನಿಲ್ಲಿಸಿ ಅವನ ಕಡೆ ತಿರುಗಿದಳು, ಅವನು ಏನಾದರೂ ಅನ್ನುತ್ತಾನೆಂದು. ಪರಮೇಶಪ್ಪ ನೀರಿಗೆ ಕೈ ಚಾಚಿದ. ಅವಳು ಚೆಂಬನ್ನು ಅವನ ಕೈಗೆ ಕೊಡದೆ, ತೋಳು ಚಾಚಿ, ಆದಷ್ಟು ದೂರದಲ್ಲಿ ನೆಲದ ಮೇಲಿಟ್ಟು ಹಿಂದಕ್ಕೆ ಸರಿದಳು. ಅವನು ಬಗ್ಗಿ ಅದನ್ನು ಎತ್ತಿಕೊಂಡು, ನಿಂತಲ್ಲೇ, ಪೂರ್ತಿ ಕುಡಿದ.